ರೋಮನ್ ಉತ್ಸವದಲ್ಲಿ ಮೇಲೇಳದ ಹೆಬ್ಬೆರಳುಗಳು

ಗ್ಲಾಡಿಯೇಟರ್ ಎಂದರೆ ಸಾಯುವವನು ಎಂದು ಎಲ್ಲರಿಗೂ ಯಾರು ಹೇಳಿಕೊಟ್ಟರೋ! ಸಾಕಿ, ತಿನ್ನಿಸಿ, ವರ್ಷಗಟ್ಟಲೆ ಪಳಗಿಸಿದ ಆಳನ್ನು ಪ್ರತಿ ಪಂದ್ಯದಲ್ಲೂ ಕೊಲ್ಲಿಸಲು ಯಜಮಾನನಿಗೇನು ತಲೆ ಕೆಟ್ಟಿತ್ತೇ? ಎಷ್ಟೋ ಸಲ ಸೋತವನೂ ನಡೆದುಕೊಂಡೇ ಹೋಗುತ್ತಿದ್ದ. ಇದನ್ನು ಜರ್ಮನಿಯ ಆಖೆನ್ ಊರಿನ ನಮ್ಮ ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ಮೈಸೂರಿನವನಾದ ನನ್ನ ರೂಮ್‌ಮೇಟ್ ಸಾರಿಗೆ ಒಗ್ಗರಣೆ ಹಾಕುತ್ತಲೇ ನನ್ನ ವಾಕ್ಯ ಪೂರ್ತಿ ಮಾಡುತ್ತಿದ್ದ.

ಅವನಿಗೆ ಇದು ಬರೀ ಮಾತಲ್ಲ. ರೋಮನ್ನರ ಕಾಳಗ ಆಡಿ ತೋರಿಸುವ ತಂಡವೊಂದಕ್ಕೆ ಸೇರಿ, ಚಳಿಗಾಲದ ಶನಿವಾರಗಳಲ್ಲೆಲ್ಲ ಮರದ ಕತ್ತಿ ಹಿಡಿದು ಮೈಕೈ ನೀಲಿಗಟ್ಟಿಸಿಕೊಂಡಿದ್ದ. ಬೇಸಿಗೆಯ ಉತ್ಸವದಲ್ಲಿ ಬೆಳಗ್ಗೆ ಸೋತವರ ಪೈಕಿ ಜನ ಯಾರನ್ನು ಉಳಿಸುತ್ತಾರೋ ಅವನಿಗೂ ಮಧ್ಯಾಹ್ನದ ದೊಡ್ಡ ಕಾಳಗದಲ್ಲಿ ಜಾಗ. ಅವನಿಗೆ ಬೇಕಿದ್ದದ್ದು ಅದೊಂದೇ.

"ಗೆಲ್ಲೋದು ಡೌಟು ಮಗಾ. ನೀನು ಹೆಬ್ಬೆರಳು ಎತ್ತು, ಅಕ್ಕಪಕ್ಕದೋರ ಕೈಲೂ ಎತ್ಸು. ಡಿಬೇಟ್ ಚಾಂಪಿಯನ್ ಅಲ್ವಾ ನೀನು!" ಎಂದು ಹೇಳಿ ಉತ್ಸವದ ಬೆಳಗ್ಗೆ ಕಣಕ್ಕಿಳಿದ.

ಸೋತ. ಮರಳಿನ ಮೇಲೆ ಮಂಡಿಯೂರಿದ. ಮೈಕ್ ಹಿಡಿದ ನಿರೂಪಕ, "ಹೆಬ್ಬೆರಳು ಮೇಲಾದರೆ ಜೀವ, ಕೆಳಗಾದರೆ ಸಾವು! ಅಪ್ಪಟ ರೋಮನ್ ಪದ್ಧತಿ!" ಎಂದು ಕೂಗಿದ.

ನನಗೆ ರೇಗಿಹೋಯಿತು. ಯಾವ ಪದ್ಧತಿ? ಹೆಬ್ಬೆರಳು ತಿರುಗಿಸುತ್ತಿದ್ದರೆಂದು ಗೊತ್ತು. ಯಾವ ಕಡೆಗೆಂದು ಖಚಿತವಾಗಿ ಬಲ್ಲವರಿಲ್ಲ. ಪಕ್ಕದಲ್ಲಿದ್ದ ಜರ್ಮನ್ ಅಜ್ಜಿ ಆಗಲೇ ಬೆರಳು ಎತ್ತಿದ್ದರು. "ಕ್ಷಮಿಸಿ, ಅದು ಕೊಲ್ಲು ಎಂಬ ಸನ್ನೆಯೂ ಆಗಿರಬಹುದು," ಎಂದೆ. ಗಾಬರಿಯಿಂದ ಇಳಿಸಿದರು. ಹಿಂದಿನ ಸಾಲಿನವರು ಬಗ್ಗಿ ಕೇಳಿದರು. ಉಳಿಸಬೇಕಿದ್ದರೆ ಹೆಬ್ಬೆರಳನ್ನು ಮುಷ್ಟಿಗೆ ಒತ್ತಿ ಹಿಡಿಯುತ್ತಿದ್ದರೆಂಬ ವಾದವನ್ನು ಮಂಡಿಸಿದೆ. ಒಳ್ಳೆಯದಾಗಲಿ ಎಂದು ಹಾರೈಸುವಾಗ ಇಂದಿಗೂ ಜರ್ಮನ್ನರು ಮಾಡುವುದು ಅದನ್ನೇ ಅಲ್ಲವೇ? ನಾವು ಕೂತಿದ್ದ ಇಡೀ ಬ್ಲಾಕಿಗೆ ಒಪ್ಪಿಗೆಯಾಯಿತು. ಎಲ್ಲರೂ ಮುಷ್ಟಿ ಬಿಗಿದು ಕೂತರು.

ನಿರೂಪಕ ಎಣಿಸಿದ್ದು ಎತ್ತಿದ ಬೆರಳುಗಳನ್ನು. ಮಧ್ಯಾಹ್ನದ ಜಾಗ ಇನ್ನೊಬ್ಬನ ಪಾಲಾಯಿತು.

ತಲೆತುಂಬ ಮರಳು ಹೊತ್ತು ರೂಮ್‌ಮೇಟ್ ಬಂದ. "ನಿನ್ ಕಡೆ ಒಬ್ರೂ ಎತ್ತಲಿಲ್ವಲ್ಲೋ?"

"ಎಲ್ಲಾರೂ ನಿನ್ನ ಉಳಿಸ್ತಾನೇ ಇದ್ರು ಗುರು. ಮುಷ್ಟೀಲಿ. ನಿಜವಾದ ರೋಮನ್ನರ ಥರ..."

"ನಾನೇನು ಎರಡು ಸಾವಿರ ವರ್ಷದ ಹಿಂದೆ ಸೋತ್ನಾ? ಈಗ ಸೋತಿದ್ದು ಕಣೋ!"

ಅಜ್ಜಿ ಅವನತ್ತ ಒಂದು ತುಂಡು ಕೇಕ್ ಚಾಚಿ, ಇನ್ನೂ ಬಿಗಿದೇ ಇದ್ದ ಎಡಮುಷ್ಟಿ ತೋರಿಸಿ, "ನಿನಗಾಗಿ," ಎಂದರು. ಅವನು ಕೇಕ್ ತೆಗೆದುಕೊಂಡ. ನನ್ನ ಪಕ್ಕ ಕೂರದೆ, ಅವರ ಆಚೆ ಬದಿಗೆ ಹೋಗಿ ಕೂತ.