ಚೇರ್ಮನ್ ಗಿಡ

ಬೆಳಿಗ್ಗೆ ಸೊಸೆ ಫೋನಿನಲ್ಲಿ ತರಿಸಿದ ಹೊನಗೊನ್ನೆ ಸೊಪ್ಪು ಬಂತು. ತೊಳೆದು, ಒರೆಸಿ, ಪ್ಲಾಸ್ಟಿಕ್ ಹೊದಿಸಿ, ದೊಡ್ಡಾಸ್ಪತ್ರೆಯ ರೋಗಿಯಂತೆ ಮಲಗಿಸಿದ್ದರು. ಮೂಗಿಗೆ ಹಿಡಿದೆ. ಫ್ರಿಜ್ಜಿನ ವಾಸನೆ ಬಂತು. ಕೆಸರಿನ ವಾಸನೆ ಇಲ್ಲದ ಹೊನಗೊನ್ನೆಯನ್ನು ನಮ್ಮ ಅತ್ತೆ ಸೊಪ್ಪೆಂದೇ ಒಪ್ಪುತ್ತಿರಲಿಲ್ಲ.

ನಾನು ಯಲಹಂಕಕ್ಕೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಕಾನ್ವೆಂಟಿನಲ್ಲಿ ಓದಿದವಳು, ಫೋರ್ಕು ಯಾವ ಕೈಯಲ್ಲಿ ಹಿಡಿಯಬೇಕೆಂದು ಗೊತ್ತಿತ್ತು, ಒಂದೆಲಗ ಯಾವುದು ಕಳೆ ಯಾವುದು ಗೊತ್ತಿರಲಿಲ್ಲ. ಮನೆಯ ಹಿಂದೆ ಪುಟ್ಟೇನಹಳ್ಳಿ ಕೆರೆಯ ಕೋಡಿ ನೀರು ಹರಿದುಬರುವ ಹಳ್ಳ. ದಡದಲ್ಲಿ ಲಕ್ಕಿ ಪೊದೆ, ಜೊಂಡು, ಅವುಗಳ ಬುಡದಲ್ಲಿ ಒಂದೆಲಗ, ಹೊನಗೊನ್ನೆ. ನಮ್ಮದು ಜಮೀನಿದ್ದ ದೊಡ್ಡ ಮನೆ. ಹೆಂಗಸರು ಹೊಸಿಲು ದಾಟಲು ಒಂದು ಕಾರಣ ಬೇಕಿತ್ತು. ಅತ್ತೆಗಿದ್ದ ಒಂದೇ ಕಾರಣ ಸೊಪ್ಪು. ಸಂಜೆ ಬಿದಿರು ಬುಟ್ಟಿ, ಅವರ ಮಂಕರಿ, ಹಿಡಿದು ಹಿತ್ತಿಲ ಬಾಗಿಲು ತೆಗೆದರೆಂದರೆ ಅವರ ನಡಿಗೆಯೇ ಬೇರೆ. ಹಳ್ಳದ ಹತ್ತಿರ ಊರ ಹೆಂಗಸರೆಲ್ಲ ಸೇರುತ್ತಿದ್ದರು. ಒಂದು ಹಿಡಿ ಸೊಪ್ಪು ಕೀಳಲು ಅತ್ತೆ ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತನ್ನು ಅಡುಗೆಗೂ ತೆಗೆದುಕೊಂಡಿದ್ದರೆ, ನಂಬಿ, ನಾವೆಲ್ಲ ಉಪವಾಸವೇ. ಬಾಣಂತಿಯರ ಸ್ನಾನದ ನೀರಿಗೆ ಲಕ್ಕಿ ಸೊಪ್ಪು ಬೇಕಲ್ಲ. ಹಾಗಾಗಿ ಪಕ್ಕದ ಅಟ್ಟೂರಿನ ಬಾಣಂತಿಯರ ಸುದ್ದಿಯೂ ಮಂಕರಿ ತುಂಬಿ ಬರುತ್ತಿತ್ತು.

ಮಾವ ಆಗಷ್ಟೇ ಪಂಚಾಯಿತಿ ಚೇರ್ಮನ್ ಆಗಿದ್ದರು. ಆದದ್ದೇ ತಡ, ನಮ್ಮೂರಿನದ್ದೆಲ್ಲ ಅವರ ಕಣ್ಣಿಗೆ ಕಾಡಾಗಿ ಕಾಣತೊಡಗಿತು. ಹೆಬ್ಬಾಳದ ಕಡೆ ಯಾವುದೋ ಅಧಿಕಾರಿಯ ಬಂಗಲೆಯ ಬೇಲಿ ನೋಡಿ ಬಂದರು. ವೀಳ್ಯದೆಲೆಯ ಆಕಾರದ ಎಲೆ, ತಿಳಿ ನೇರಳೆ ಬಣ್ಣದ ಅಗಲ ಬಾಯಿಯ ಹೂವು. ಗಾಡಿ ತುಂಬ ಅದರ ಕಡ್ಡಿ ತರಿಸಿ, ಲಕ್ಕಿ ಪೊದೆ ಸವರಿಸಿ, ಹಳ್ಳದ ದಡದುದ್ದಕ್ಕೂ ನೆಡಿಸಿದರು.

"ಫಾರಿನ್ ಗಿಡ ಕಣಮ್ಮ," ಎಂದರು ನನಗೆ. "ನೀರು ಉಯ್ಯಂಗಿಲ್ಲ, ಗೊಬ್ರ ಆಕಂಗಿಲ್ಲ. ದನಾನೂ ಬಾಯಾಕಲ್ಲ!"

"ದನ ಬಾಯಾಕ್ದೇ ಇದ್ಮೇಲೆ ಅದೆಂಥ ಸೊಪ್ಪು?" ಎಂದರು ಅತ್ತೆ ಒಳಗಿನಿಂದ.

ಕಾನ್ವೆಂಟಿನವಳೆಂದು ಅದರ ಹೂವನ್ನು ಹೂದಾನಿಯಲ್ಲಿಡುವ ಕೆಲಸ ನನಗೆ ಬಿತ್ತು. ಮಧ್ಯಾಹ್ನದೊಳಗೆ ಬಾಡಿ ಮೇಜಿನ ಮೇಲೆ ಬಿದ್ದಿತು; ಮಾವನವರ ಭಾಷಣವೇ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಗಿಡ ಮಾತ್ರ ಬಾಡುವ ಜಾತಿಯಲ್ಲ. ಮರುವರ್ಷದ ಹೊತ್ತಿಗೆ ಆಳೆತ್ತರ ಎದ್ದು ನೀರಿಗೂ ಇಳಿಯಿತು. ಅದರ ನೆರಳಲ್ಲಿ ಒಂದೆಲಗ ಬಿಳಿಚಿಕೊಂಡು ಸತ್ತಿತು. ಜೊಂಡು ಕಾಣೆಯಾಯಿತು. ಲಕ್ಕಿಯ ಬುಡಗಳು ಚಿಗುರಲು ಬಿಸಿಲೇ ಸಿಗದೆ ಒಣಗಿದವು. ಹಳ್ಳಕ್ಕಿಳಿಯುವ ಕಾಲುದಾರಿ ಮುಚ್ಚಿಹೋಯಿತು.

ಅತ್ತೆ ಜಗಳ ತೆಗೆದರು. ಮಾವ ದೊಡ್ಡ ಮನಸ್ಸು ಮಾಡಿ, ಆಳು ಬಿಟ್ಟು, ದಾರಿಯಷ್ಟಗಲ ಕಡಿಸಿದರು. ಕಡಿದದ್ದನ್ನೆಲ್ಲ ಹಳ್ಳದ ಮಳೆನೀರಿಗೆ ಎಸೆಯಲು ಹೇಳಿದರು. "ಎತ್ಲಾಗಾದ್ರೂ ಕೊಚ್ಕೊಂಡೋಗ್ಲಿ!"

ಹೋಯಿತು. ನೀರು ತಗ್ಗಿದ ಮೇಲೆ ನೋಡಿದರೆ, ಒಂದೊಂದು ತುಂಡೂ ಸಿಕ್ಕಿದ ಕೆಸರಿನಲ್ಲಿ ಕಾಲೂರಿ ಚಿಗುರಿತ್ತು, ಯಲಹಂಕ ಕೆರೆಯವರೆಗೂ. ಕಡಿದ ಬುಡಗಳು ಮೊದಲಿಗಿಂತ ದಟ್ಟವಾಗಿ ಎದ್ದವು. ಇಷ್ಟು ಬೇಗ ಇಷ್ಟೊಂದು ಅಭಿವೃದ್ಧಿಯನ್ನು ಯಾವ ಚೇರ್ಮನ್ನರೂ ಮಾಡಿ ತೋರಿಸಿರಲಿಲ್ಲ. ಊರವರು ಅದಕ್ಕೆ ಚೇರ್ಮನ್ ಗಿಡ ಎಂದೇ ಹೆಸರಿಟ್ಟರು. ಪಕ್ಕದ ಮನೆಯ ಮುನಿಯಮ್ಮ ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಏನಕ್ಕಾ, ನಿಮ್ಮೆಜಮಾನ್ರು ಎಲ್ ಬಿದ್ರೂ ಬೇರ್ ಬಿಡ್ತಾರಲ್ಲ! ಕುರ್ಚಿಗೂ ಇಂಗೇ ಅಂಟ್ಕೊಂಡವ್ರಾ?"

ಊರೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಅವರ ಮಂಕರಿಯಲ್ಲಿ ಕೋಳಿ ಮೊಟ್ಟೆಯಿಡತೊಡಗಿತು.

ಮಾವ ಕೆಟ್ಟವರಲ್ಲ. ಯಶವಂತಪುರದಿಂದ ಸೊಪ್ಪು ತರಿಸಿ ಅತ್ತೆಯ ಮುಂದೆ ರಾಶಿ ಹಾಕಿದರು. "ನೋಡು, ಬೇಕಾದ್ದೆಲ್ಲ ಬಾಗ್ಲಿಗೇ ಬತ್ತದೆ. ನಿಂಗಿನ್ಯಾಕೆ ಓಡಾಟ?"

ಅತ್ತೆ ಕಟ್ಟು ಬಿಚ್ಚಿ ಕಡ್ಡಿ ಆರಿಸುತ್ತ, ತಲೆಯೆತ್ತದೆ ಹೇಳಿದರು: "ಸೊಪ್ಪೇನೋ ಬತ್ತದೆ. ನಾನೆಲ್ಲಿಗೋಗ್ಲಿ?"

ಮಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೇಗಾದೀತು ಹೇಳಿ, ಅವರಿಗೆ ಊರೆಲ್ಲ ಇತ್ತು. ನಾನು ಇನ್ನೊಂದು ಕಟ್ಟು ಬಿಚ್ಚಿಕೊಂಡು ಅತ್ತೆಯ ಪಕ್ಕದಲ್ಲಿ ಕುಳಿತೆ.

ಇವತ್ತು ಸಂಜೆ ಚಪ್ಪಲಿ ಮೆಟ್ಟುತ್ತಿದ್ದಾಗ ಸೊಸೆ ಕೇಳಿದಳು, "ಎಲ್ಲಿಗತ್ತೆ? ಏನ್ ಬೇಕು ಹೇಳಿ, ಈಗ್ಲೇ ತರಿಸ್ತೀನಿ."

ಒಳ್ಳೆಯ ಹುಡುಗಿ. ಇಷ್ಟು ವರ್ಷ ನಾನೂ ಕೊತ್ತಂಬರಿ, ಮಾತ್ರೆ, ದೇವಸ್ಥಾನ ಎಂದು ಏನಾದರೊಂದು ಹೇಳಿಯೇ ಹೊರಗೆ ಹೋದವಳು. ನಾಲಿಗೆಯ ತುದಿಗೆ ಬಂದ ಕೊತ್ತಂಬರಿಯನ್ನು ನುಂಗಿಕೊಂಡೆ.

"ಏನೂ ಬೇಡಮ್ಮ. ಸುಮ್ನೆ ಹೋಗ್ತಿದ್ದೀನಿ."

ಅವಳು ಫೋನು ಕೆಳಗಿಟ್ಟು ನನ್ನನ್ನೇ ನೋಡಿದಳು. ನಾನು ಗೇಟು ತೆಗೆದೆ.