ಬರ್ಕಾ ಸುತ್ತಿ ಮಿಸ್ಫಾಕ್ಕೆ

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮಸ್ಕತ್ತಿನ ದಾರ್ಸೈಟಿನ ಮನೆ ಬಿಡಬೇಕೆಂದು ನಾನು ಗಂಡನಿಗೆ ಹೇಳಿದ್ದೆ. ಬಿಟ್ಟದ್ದು ಎಂಟರ ನಂತರ. ಹೊರಟಿದ್ದು ಮಿಸ್ಫಾಕ್ಕೆ. ಮಸ್ಕತ್ತಿನಿಂದ ಇನ್ನೂರು ಕಿಲೋಮೀಟರಿಗೂ ಆಚೆ, ಬೆಟ್ಟದ ಮಗ್ಗುಲಲ್ಲಿ ಕಲ್ಲು ಮಣ್ಣಿನ ಹಳೆಯ ಮನೆಗಳಿರುವ ಹಳ್ಳಿ ಅದು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ಮೂರು ತಿಂಗಳು ಮುಗಿಸಿ ಭಾನುವಾರ ಮಂಗಳೂರಿನ ವಿಮಾನ ಹತ್ತುವವಳಿದ್ದಳು. ಅದಕ್ಕೆ ಮೊದಲು ಗದ್ದಲವಿಲ್ಲದ ಕಡೆ ಅವಳ ಪಕ್ಕ ಒಂದಿಷ್ಟು ಹೊತ್ತು ಕೂರಬೇಕು, ಅಷ್ಟೇ ನನ್ನ ಆಸೆ.

ಕೆಳಗಿಳಿದು ನೋಡಿದರೆ ನಾಲ್ಕು ಕಾರು ಸಾಲಾಗಿ ನಿಂತಿದ್ದವು. ಗಲ್ಫಿಗೆ ಬಂದ ನಮ್ಮ ಊರಿನವರಿಗೆ ಒಂದೇ ಕಾರಿನ ಪ್ರವಾಸ ಎಂದರೆ ಅದು ಪ್ರವಾಸವೇ ಅಲ್ಲ. ಗಂಡ ಒಂದು ವಾರ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಹೊಡೆದಿದ್ದರು.

"ಎಂತದ್ದು ಇದೆಲ್ಲ?"

"ಕರೀದಿದ್ರೆ ಬೇಜಾರು ಮಾಡ್ತಾರೆ ಮಾರಾಯ್ತಿ. ರಾಜೀವಣ್ಣ ಬರ್ಕಾದಲ್ಲಿ ಕಾಯ್ತಾ ಇದ್ದಾರೆ."

ಬರ್ಕಾ! ನಾವು ಹೋಗಬೇಕಾದದ್ದು ಒಳನಾಡಿನ ನಿಜ್ವಾ ಕಡೆಗೆ, ಬರ್ಕಾ ಇರುವುದು ಕಡಲ ಕಡೆಗೆ. ಗಂಡನ ಹಳೆಯ ರೂಮ್‌ಮೇಟ್ ರಾಜೀವಣ್ಣ ಅಲ್ಲಿ ಅಂಗಡಿ ಇಟ್ಟಿದ್ದಾರೆ. ಅವರಿಗೆ ಮಿಸ್ಫಾದ ದಾರಿ ಗೊತ್ತಿಲ್ಲವಂತೆ. ಫೋನಿನಲ್ಲಿರುವ ಮ್ಯಾಪು ಯಾತಕ್ಕೋ! ಅಲ್ಲಿ ಚಹಾ ಆಯಿತು, ಗೋಳಿಬಜೆ ಆಯಿತು. ಕೊನೆಗೆ ಅವರ ಹೆಂಡತಿ ಸುಮತಿಯಕ್ಕ ನಮ್ಮ ಕಾರಿಗೇ ಬಂದು ಅಮ್ಮನ ಪಕ್ಕ ಕೂತರು. ಅಲ್ಲಿಂದ ಹಿಂದಿನ ಸೀಟಿನಲ್ಲಿ ತುಳು ಮಾತು ನಿಲ್ಲಲಿಲ್ಲ.

ನಿಜ್ವಾ ತಲುಪುವಾಗ ನಮಾಜಿನ ಹೊತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ನಮ್ಮವರಿಗೇನು ಚಿಂತೆ? ಪಾರ್ಕಿಂಗ್ ಜಾಗದಲ್ಲೇ ಚಾಪೆ ಹಾಸಿ ಕೋರಿ ರೊಟ್ಟಿ ಬಡಿಸಿದರು. ಚಳಿಗಾಲದ ಬಿಸಿಲು ಹಿತವಾಗಿತ್ತು ಎಂದು ಇಬ್ಬರು ಅಲ್ಲೇ ಅಡ್ಡಾದರು. "ಯಲ್ಲಾ, ಯಲ್ಲಾ, ಹೊರಡಿ" ಎಂದು ನಾನು ಕೂಗಿದ್ದು ಗಾಳಿಗೆ ಹೋಯಿತು. ಮಗ ಮಾತ್ರ ಕೇಳಿದ, "ಮಮ್ಮಾ, ವೈ ಆರ್ ಯು ಸೋ ಆ್ಯಂಗ್ರಿ?"

ಮಿಸ್ಫಾ ತಲುಪಿದಾಗ ಬಿಸಿಲು ಆಗಲೇ ಓರೆಯಾಗಿತ್ತು. ಮೈ ಮುಚ್ಚುವ ಬಟ್ಟೆ ಹಾಕಿ, ಗಲಾಟೆ ಮಾಡಬೇಡಿ ಎಂದು ಊರ ಬಾಗಿಲಲ್ಲೇ ಫಲಕವಿತ್ತು. ನಮ್ಮವರು ಅದರ ಕೆಳಗೇ ನಿಂತು ಸ್ಪೀಕರ್ ಹಚ್ಚಿದರು. ಬಿಳಿಗಡ್ಡದ ಹಿರಿಯರೊಬ್ಬರು ಓಣಿಯಿಂದ ಬಂದು ಹಿಂದಿಯಲ್ಲೇ ಹೇಳಿದರು.

"ಯೆ ಘರ್ ಹೈ ಭಾಯಿ, ಪಿಕ್ನಿಕ್ ನಹೀ. ಖಲಾಸ್."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸ್ಪೀಕರ್ ಆರಿಸಿ ಎಲ್ಲರೂ ಗ್ರೂಪ್ ಫೋಟೋಗೆಂದು ಮೆಟ್ಟಿಲಿಳಿದು ಖರ್ಜೂರದ ತೋಟಕ್ಕೆ ಹೋದರು. ಮಂಡಿನೋವಿನ ಅಮ್ಮ ಮೇಲೆಯೇ ಉಳಿದಳು. ಕಲ್ಲಿನ ಕಾಲುವೆಯ ಪಕ್ಕ ಅಂತೂ ನಾವಿಬ್ಬರೇ ಕೂತೆವು. ಕಾಲುವೆಯಲ್ಲಿ ಸಣ್ಣ ಮೀನುಗಳಿದ್ದವು. ಎಲ್ಲೋ ಒಂದು ಕತ್ತೆ ಕೂಗಿ ಸುಮ್ಮನಾಯಿತು.

"ನೋಡಮ್ಮ, ಎಷ್ಟು ಶಾಂತ," ಅಂದೆ.

"ಚೆಂದ ಉಂಟು. ಅವರೆಲ್ಲ ಯಾವಾಗ ಮೇಲೆ ಬರ್ತಾರೆ?"

"ಅವರು ಯಾಕಮ್ಮ? ಆ ಗಲಾಟೆ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ."

"ನಿಂಗೆ ಹಿಡಿದಿರಬಹುದು," ಅಮ್ಮ ನೀರನ್ನೇ ನೋಡುತ್ತಿದ್ದಳು. "ಬೆಳಿಗ್ಗೆ ನೀವೆಲ್ಲ ಹೋದ್ರೆ ಸಂಜೆ ತನಕ ಆ ಫ್ಲಾಟಲ್ಲಿ ಫ್ರಿಜ್ಜಿನದ್ದೇ ಶಬ್ದ. ಬಂದ ಮೇಲೆ ನಿಮ್ಮ ಫೋನು. ಮಗುವಿನ ಹತ್ರ ಎಂತ ಕೇಳಿದ್ರೂ ಇಂಗ್ಲಿಷು. ಬಾಯ್ತುಂಬ ಮಾತಾಡಿದ್ದು ಇವತ್ತೇ ಮಗಾ."

ದೂರುವ ದನಿ ಅದರಲ್ಲಿರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಮೂರು ತಿಂಗಳು ಅವಳಿಗೆ ಕೈತುಂಬ ಕೊಟ್ಟ ನಿಶ್ಶಬ್ದವನ್ನೇ ಮತ್ತೊಮ್ಮೆ ಕೊಡಲು ಇಷ್ಟು ದೂರ ಕರೆತಂದಿದ್ದೆ.

ಹಿಂತಿರುಗುವಾಗ ಮಸ್ಕತ್ ಮತ್ತು ಬರ್ಕಾ ದಾರಿಗಳು ಬೇರೆಯಾಗುವ ಮೊದಲು ರಾಜೀವಣ್ಣನ ಕಾರು ಬದಿಗೆ ನಿಂತಿತು. ಸುಮತಿಯಕ್ಕ ಚೀಲ ಎತ್ತಿಕೊಂಡು, "ನಾನು ಇಲ್ಲೇ ಇಳಿದು ಅವರ ಕಾರಿಗೆ ಹೋಗ್ತೇನೆ. ನಿಮಗೆ ಸುಮ್ಮನೆ ಸುತ್ತು," ಎಂದರು. ನನ್ನ ಮುಖ ನೋಡಿ ಹೆದರಿದ್ದ ಗಂಡ ಆಗಲೇ ಇಂಡಿಕೇಟರ್ ಹಾಕಿದ್ದರು.

"ನಿಲ್ಲಿಸಬೇಡಿ. ಬರ್ಕಾಕ್ಕೇ ಹೋಗುವ," ಅಂದೆ.

"ಬರ್ಕಾಕ್ಕಾ?"

"ಹೌದು ಮಾರಾಯ್ರೆ, ಬರ್ಕಾಕ್ಕೆ!"

ಹಿಂದಿನ ಸೀಟಿನಲ್ಲಿ ಅಮ್ಮ ಸುಮತಿಯಕ್ಕನ ಕೈಯಿಂದ ಚೀಲ ತೆಗೆದು ಕಾಲಬುಡದಲ್ಲಿಟ್ಟು, ಅರ್ಧಕ್ಕೆ ನಿಂತಿದ್ದ ಮಾತನ್ನು ಮುಂದುವರಿಸಿದಳು.