ಲಿಥಿಯಂ ಹೊತ್ತಿಕೊಂಡ ಮಧ್ಯಾಹ್ನ

ಗ್ರೇಟರ್ ನೋಯ್ಡಾದ ಲ್ಯಾಬಿನಲ್ಲಿ ನಾನು ಒಬ್ಬರ ಹಣೆ ಒಡೆದಿದ್ದೇನೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಲಿಥಿಯಂ ಲೋಹದ ಬ್ಯಾಟರಿಗೆ ಘನ ಪಾಲಿಮರ್ ಎಲೆಕ್ಟ್ರೋಲೈಟ್ ತಯಾರಿಸುವ ಕೆಲಸ. ಫೋನಿನ ಬ್ಯಾಟರಿಯೊಳಗೆ ಬೇಗ ಹೊತ್ತಿಕೊಳ್ಳುವ ದ್ರವವಿರುತ್ತದೆ. ಅದರ ಜಾಗದಲ್ಲಿ ನಾವು ಹಪ್ಪಳಕ್ಕಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಇಡುತ್ತೇವೆ. ವೋಲ್ಟೇಜ್ ಏರಿಸಿದರೆ ಹಾಳೆ ಒಂದು ಬದಿಯಿಂದ ಕೆಡುತ್ತದೆ. ಇನ್ನೊಂದು ಬದಿಯಿಂದ ಲಿಥಿಯಂ ಮುಳ್ಳಿನಂತೆ ಬೆಳೆದು ಅದನ್ನು ಚುಚ್ಚುತ್ತದೆ. ಎರಡನ್ನೂ ತಡೆಯುವ ಹಾಳೆ ಕೊನೆಗೂ ಸಿಕ್ಕಿತೆಂದು ನಾನು ನಂಬಿದ್ದೆ.

ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಮೈಸೂರಿನ ಹುಡುಗಿ ನಂಬಿರಲಿಲ್ಲ.

"ಅಕ್ಕ, ಇನ್ನೊಂದು ವಾರ ಪುಟ್ಟ ಬಟನ್ ಸೆಲ್‌ನಲ್ಲೇ ನೋಡೋಣ. ಇಷ್ಟು ತೆಳು ಹಾಳೆ ತಡ್ಕೊಳ್ಳಲ್ಲ."

"ಅಚ್ಛಾ, ಈಗ ನೀನು ನನಗೆ ಹೇಳಿಕೊಡ್ತೀಯಾ? ಚಲೋ, ದೊಡ್ಡ ಸೆಲ್ಲನ್ನೇ ಚಾರ್ಜಿಗೆ ಹಾಕು."

ಹಾಕಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಅಂಗೈಯಗಲದ ಆ ಸೆಲ್ ಪೂರಿಯಂತೆ ಊದಿತ್ತು. ತಂತಿ ಕಳಚಲು ಅವಳು ಕೈ ಚಾಚಿದ್ದೇ ತಡ, ಸಿಡಿಯಿತು. ಕೆಂಪು ಜ್ವಾಲೆ ಎದ್ದು ಬೆಳ್ಳಗಾಯಿತು. ಕೈಗವಸು ಕರಗಿ ಅವಳ ಬೆರಳುಗಳಿಗೆ ಅಂಟಿಕೊಂಡಿತು. ಮೇಜಿನ ಮೇಲೆ ಬಿಟ್ಟಿದ್ದ ಲಿಥಿಯಂ ತುಣುಕುಗಳಿಗೂ ಬೆಂಕಿ ಹತ್ತಿತು.

ಅವಳ ಚೀರಾಟ ಕೇಳಿ ಬಾಗಿಲ ಗಾರ್ಡ್, ಸೈನ್ಯದಿಂದ ನಿವೃತ್ತರಾದವರು, ನೆಲ ಒರೆಸುವ ಬಕೆಟ್ ಎತ್ತಿಕೊಂಡು ಒಳಗೆ ನುಗ್ಗಿದರು. ಉರಿಯುವ ಲಿಥಿಯಂ ಮೇಲೆ ನೀರು ಬಿದ್ದರೆ ಇಡೀ ಮೇಜೇ ಸ್ಫೋಟಿಸುತ್ತದೆ. "ನೀರು ಬೇಡ! ನೀರು ಬೇಡ!" ಎಂದು ಕಿರುಚಿದೆ. ಅವರು ಇನ್ನೂ ಜೋರಾಗಿ ಓಡಿಬಂದರು. ಕೈಗೆ ಸಿಕ್ಕ ಸ್ಟೀಲ್ ಸ್ಟೂಲನ್ನು ಬೀಸಿದೆ. ಹಣೆಗೆ ಬಿತ್ತು. ಬಕೆಟ್ ಉರುಳಿತು, ಮೇಜಿಗೆ ಸಿಡಿದ ನಾಲ್ಕು ಹನಿಗಳಿಗೇ ಲಿಥಿಯಂ ಪಟಾಕಿಯಂತೆ ಹಾರಿತು.

ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವರು ನನ್ನ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದರು. "ಪಾಗಲ್ ಹೋ ಗಯೀ ಹೈ ಕ್ಯಾ?" ಹುಚ್ಚು ಹಿಡಿಯಿತಾ ಎಂದು ಗದರಿದರು. ನಾನು ಅವರ ತೋಳು ಕಚ್ಚಿದೆ.

"ಭಯ್ಯಾ, ಪಾನೀ ನಹೀಂ! ರೇತ್!" ಹುಡುಗಿ ಸುಟ್ಟ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದರಿಂದ ಮರಳಿನ ಡಬ್ಬ ತೋರಿಸಿದಳು. ಅವರು ತಕ್ಷಣ ನನ್ನನ್ನು ಬಿಟ್ಟು, ಡಬ್ಬ ಎತ್ತಿ ಬೆಂಕಿಯ ಮೇಲೆ ಸುರಿದರು.

ಆಸ್ಪತ್ರೆಯಲ್ಲಿ ಅವರ ಹಣೆಗೆ ಹೊಲಿಗೆ ಹಾಕಿದ ಮೇಲೆ ಪಕ್ಕದಲ್ಲಿ ಕುಳಿತು ಕ್ಷಮೆ ಕೇಳಿದೆ. ಅವರು ನೆಲ ನೋಡುತ್ತಾ ಹೇಳಿದರು: "ಆಪ್ ನೀರ್ ನೀರ್ ಚಿಲ್ಲಾ ರಹೀ ಥೀಂ, ಮೇಡಂ. ಮೈನೇ ಸೋಚಾ, ಪಾನೀ ಮಾಂಗ್ ರಹೀ ಹೈಂ."

ನಾನು ನೀರು ಬೇಕೆಂದು ಕಿರುಚುತ್ತಿದ್ದೇನೆ ಎಂದುಕೊಂಡಿದ್ದರು. ಹಿಂದಿಯಲ್ಲೂ ನೀರ್ ಎಂದರೆ ನೀರೇ. 'ಬೇಡ' ಮಾತ್ರ ಅವರಿಗೆ ಅರ್ಥವಾಗಿರಲಿಲ್ಲ. ಇಷ್ಟು ವರ್ಷ ಇಲ್ಲಿ ಹಿಂದಿಯಲ್ಲೇ ಬದುಕಿದವಳಿಗೆ ಪ್ರಾಣಭಯದಲ್ಲಿ ಬಂದದ್ದು ಕನ್ನಡ.

ವರದಿಯಲ್ಲಿ ಎಲ್ಲವನ್ನೂ ಬರೆದೆ: ಹುಡುಗಿ ಎಚ್ಚರಿಸಿದ್ದು, ನಾನು ಕೇಳದಿದ್ದದ್ದು, ಸ್ಟೂಲ್ ಬೀಸಿದ್ದು. ಒಂದು ವರ್ಷ ನನ್ನನ್ನು ಲ್ಯಾಬಿನಿಂದ ದೂರವಿಟ್ಟರು. ಹುಡುಗಿಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅವಳು ಬೇರೆ ಮಾರ್ಗದರ್ಶಕರ ಬಳಿ ಹೋದಳು. ಹೋಗುವ ದಿನ ನನ್ನ ಕೋಣೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ, ಕರೆಯುವ ಮುಖವಿರಲಿಲ್ಲ.

ಗಾರ್ಡ್ ತಾವೇ ಕೇಳಿಕೊಂಡು ಹೊರಗಿನ ಗೇಟಿನ ಕೆಲಸಕ್ಕೆ ಹೋದರು. ಬೆಳಿಗ್ಗೆ ನಾನು ನಮಸ್ಕರಿಸಿದರೆ ತಲೆಯಾಡಿಸುತ್ತಾರೆ, ನನ್ನ ಬ್ಯಾಗನ್ನು ಎಲ್ಲರದಕ್ಕಿಂತ ಹೆಚ್ಚು ಹೊತ್ತು ತಪಾಸಣೆ ಮಾಡುತ್ತಾರೆ. ನಾನು ಕಾಯುತ್ತೇನೆ.